ಗಿಡ ತಾನೇ ಹೊಡೆದುಕೊಳ್ಳುವ ಔಷಧಿ

ಟೊಮೇಟೊ ತೋಟದಲ್ಲಿ ಪಕ್ಕದ ಚಿಗುರು ಚಿವುಟುವ ಹೆಂಗಸರ ಕೈ ನೋಡಿದ್ದೀರಾ? ಕೆಲಸ ಶುರುವಾಗಿ ಒಂದು ಗಂಟೆಯೊಳಗೆ ಬೆರಳು ಹಸಿರಾಗುತ್ತದೆ. ಮಧ್ಯಾಹ್ನದ ಊಟದ ಹೊತ್ತಿಗೆ ಕಪ್ಪು ಜಿಡ್ಡು. ತೊಳೆದರೆ ನೀರು ಅರಿಶಿನ ಕಲಸಿದ ಹಾಗೆ ಹಳದಿ. ಸೋಪಿಗೆ ಅದು ಸುಲಭವಾಗಿ ಬಿಡುವುದಿಲ್ಲ. ನಮ್ಮ ಕೋಲಾರದ ಕಡೆ ಒಂದು ಕಾಯಿ ಹಿಸುಕಿ ಆ ಹುಳಿಯಲ್ಲೇ ಕೈ ತಿಕ್ಕಿಕೊಳ್ಳುತ್ತಾರೆ. ಆಗ ಬಿಡುತ್ತದೆ.

ಈ ಜಿಡ್ಡನ್ನು ನಾವು ತೋಟದ ಕೊಳೆ ಎಂದೇ ತಿಳಿದಿದ್ದೆವು. ವರ್ಷಗಟ್ಟಲೆ ಟೊಮೇಟೊ ಬೆಳೆದರೂ ಅದೇನೆಂದು ಯಾರೂ ಕೇಳಿರಲಿಲ್ಲ. ಕೃಷಿ ಓದುತ್ತಿರುವ ನನ್ನ ಅಕ್ಕನ ಮಗ ರಜೆಗೆ ಬಂದವನು ತೋಟದಲ್ಲಿ ನಿಂತು, "ಮಾವ, ಇದು ಗಿಡದ ಔಷಧಿ. ಹುಳಕ್ಕೆ ಅಂತ ಇಟ್ಟುಕೊಂಡಿರೋದನ್ನ ನಿಮ್ಮ ಕೈಗೆ ಹೊಡೀತಾ ಇದೆ," ಅಂದ. ಪಕ್ಕದಲ್ಲೇ ಡ್ರಿಪ್ ಪೈಪು ಸರಿಮಾಡುತ್ತಿದ್ದ ನಮ್ಮಣ್ಣ ತಲೆ ಎತ್ತದೆ ಹೇಳಿದ: "ಗಿಡ ತಾನೇ ಔಷಧಿ ಹೊಡ್ಕೊಳ್ಳೋ ಹಂಗಿದ್ರೆ ನಾವ್ಯಾಕೋ ಅಂಗಡೀಲಿ ಸಾಲ ಮಾಡ್ಬೇಕಿತ್ತು?"

ಈ ಲೇಖನ ಬರೆಯಲು ಕಾರಣ ಅಣ್ಣನ ಆ ಪ್ರಶ್ನೆ. ಅದು ಕುಹಕದ ಮಾತಲ್ಲ, ಲೆಕ್ಕದ ಮಾತು. 2023ರ ಜುಲೈಯಲ್ಲಿ ಕೋಲಾರದ ಮಂಡಿಯಲ್ಲಿ 15 ಕಿಲೋ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದ್ದು ಎಲ್ಲರಿಗೂ ನೆನಪಿದೆ. ಅದೇ ಮಂಡಿಯಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ತೋಟಕ್ಕೆ ದನ ಬಿಟ್ಟ ವರ್ಷಗಳು ಅದಕ್ಕಿಂತ ಎಷ್ಟೋ ಹೆಚ್ಚು. ಅಂಥ ವರ್ಷ ಉಳಿಯುವುದು ಔಷಧಿ ಅಂಗಡಿಯ ಬಾಕಿ ಚೀಟಿ ಮಾತ್ರ. ನಮ್ಮ ಸೀಮೆಯಲ್ಲಿ ನಾರು ನಾಟಿ ಮಾಡಿದ ಹತ್ತನೇ ದಿನಕ್ಕೆ ಪಂಪು ಹೆಗಲಿಗೇರಿದರೆ ಕೊನೆಯ ಕೊಯ್ಲಿನವರೆಗೂ ಇಳಿಯುವುದಿಲ್ಲ. ವಾರಕ್ಕೆ ಎರಡು ಸಲ ಹೊಡೆಯುವವರೂ ಇದ್ದಾರೆ. ಹುಳ ಇದೆಯಾ ಅಂತ ನೋಡಿ ಹೊಡೆಯುವುದಲ್ಲ, ವಾರ ನೋಡಿ ಹೊಡೆಯುವುದು. ಹೋದ ವರ್ಷ ನಮ್ಮಲ್ಲಿ ಔಷಧಿ ಹೊಡೆಯುವ ಹುಡುಗ ಬಿಸಿಲಲ್ಲಿ ತಲೆ ಸುತ್ತಿ ಸಾಲಿನಲ್ಲೇ ಕುಸಿದ. ಎರಡು ದಿನ ಆಸ್ಪತ್ರೆಯಲ್ಲಿದ್ದು ಎದ್ದುಬಂದ, ಆದರೆ ಪಂಪು ಮುಟ್ಟುವುದಿಲ್ಲ ಅಂದುಬಿಟ್ಟ. ಅವನ ಜಾಗಕ್ಕೆ ಈಗ ಹೊಡೆಯುತ್ತಿರುವವರು ನಾನು ಮತ್ತು ಅಣ್ಣ. ಆದ್ದರಿಂದ ಗಿಡಕ್ಕೆ ಸ್ವಂತದ್ದು ಏನಾದರೂ ಇದೆಯೇ, ಇದ್ದರೆ ಅದು ಎಷ್ಟು ದೂರ ಬರುತ್ತದೆ ಎಂದು ತಿಳಿಯುವುದು ನನಗೆ ಬರೀ ಕುತೂಹಲದ ವಿಷಯವಲ್ಲ. ಅಳಿಯ ತಂದುಕೊಟ್ಟ ಪ್ರಬಂಧಗಳನ್ನು ಅವನಿಂದಲೇ ಓದಿಸಿ, ಅರ್ಥ ಕೇಳಿ ತಿಳಿದುಕೊಂಡೆ.

ಸುಂಕಿನ ತುದಿಯಲ್ಲಿ ಜೇಬು

ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಇದ್ದರೆ ಎಳೆಯ ಕಾಂಡವನ್ನು ಬೆಳಕಿಗೆ ಹಿಡಿದು ನೋಡಿ. ನಾವು ಸುಂಕು ಅನ್ನುವ ನವಿರು ಕೂದಲುಗಳಲ್ಲಿ ಎರಡು ಜಾತಿ ಕಾಣುತ್ತದೆ. ಕೆಲವು ಬರೀ ಚೂಪು. ಕೆಲವದರ ತುದಿಯಲ್ಲಿ ಸಾಸಿವೆಗಿಂತ ಎಷ್ಟೋ ಚಿಕ್ಕದಾದ ಗುಂಡು ತಲೆ. ಆ ತಲೆಯೊಳಗೆ ರಸ ತುಂಬಿರುತ್ತದೆ. ಹುಳದ ಕಾಲು ತಾಗಿದರೂ ಸಾಕು, ನಮ್ಮ ಬೆರಳು ತಾಗಿದರೂ ಸಾಕು, ಅದು ಒಡೆಯುತ್ತದೆ. ಟೊಮೇಟೊ ತೋಟಕ್ಕೆ ಕಾಲಿಟ್ಟಾಗ ಬರುವ ಘಾಟು ವಾಸನೆ ಅದರದ್ದೇ. ರಸ ಗಾಳಿಗೆ ಸೇರಿದಾಗ ಕಂದಾಗಿ, ಗಟ್ಟಿ ಅಂಟಾಗುತ್ತದೆ. ಕತ್ತರಿಸಿಟ್ಟ ಬದನೆಕಾಯಿ ಕಪ್ಪಾಗುವುದೂ ಇದೇ ಬಗೆಯ ಕ್ರಿಯೆಯಿಂದ. ಸಣ್ಣ ಹೇನು, ಬಿಳಿನೊಣದ ಕಾಲಿಗೆ ಈ ಅಂಟು ಮೆತ್ತಿಕೊಂಡರೆ ನಡೆಯಲು ಆಗುವುದಿಲ್ಲ. ಹುಳ ದೊಡ್ಡದಾದರೆ ಎಲೆಯ ಜೊತೆ ಅಂಟನ್ನೂ ತಿನ್ನುತ್ತದೆ. ಆಗ ಎಲೆಯಲ್ಲಿರುವ ಪ್ರೊಟೀನು ಅಂಟಿಗೆ ಕಟ್ಟಿಹೋಗಿ ಹುಳಕ್ಕೆ ದಕ್ಕುವುದಿಲ್ಲ.

ನಮ್ಮ ತೋಟದ ಟೊಮೇಟೊ ಈ ವಿಷಯದಲ್ಲಿ ಬಡವ. ಇದರ ಕಾಡು ದಾಯಾದಿಗಳು ದಕ್ಷಿಣ ಅಮೆರಿಕದ ಪೆರು, ಈಕ್ವೆಡಾರ್ ಬೆಟ್ಟಗಳಲ್ಲಿವೆ. ಅವುಗಳ ಮೈಯೆಲ್ಲ ಸುಂಕು. ಅದರಲ್ಲಿ ಒಂದು ಜಾತಿಯ ಸುಂಕಿನ ರಸದಲ್ಲಿ 2-ಟ್ರೈಡೆಕನೋನ್ ಎಂಬ ವಸ್ತು ಇದೆ, ಅದು ನೇರವಾಗಿ ಹುಳ ಕೊಲ್ಲುವ ವಿಷ ಎಂದು ಅಮೆರಿಕದ ನಾರ್ತ್ ಕೆರೊಲಿನಾದ ವಿಜ್ಞಾನಿಗಳು 1980ರಲ್ಲಿ ಪ್ರಕಟಿಸಿದರು. ಇನ್ನೊಂದು ಕಾಡು ಜಾತಿ ಸಕ್ಕರೆಗೆ ಕೊಬ್ಬು ಸೇರಿಸಿ ಪಾಕದಂಥ ಅಂಟು ಸುರಿಸುತ್ತದೆ. ಬಿಳಿನೊಣ ಅದರ ಮೇಲೆ ಕೂರಲು ಹೆದರುತ್ತದೆ. ನಾವು ಮನುಷ್ಯರು ಹಣ್ಣು ದಪ್ಪ ಬೇಕು, ಸಿಪ್ಪೆ ಗಟ್ಟಿ ಬೇಕು, ಲಾರಿಯಲ್ಲಿ ದೂರದ ಊರಿಗೆ ಹೋದರೂ ಒಡೆಯಬಾರದು ಎಂದು ಆರಿಸುತ್ತಾ ಬಂದೆವು. ಸುಂಕನ್ನು ಯಾರೂ ಆರಿಸಲಿಲ್ಲ.

ಹಾಗಾದರೆ ಕಾಡಿನಿಂದ ವಾಪಸು ತರಬಾರದೇ? ಒಂದು ಗುಣ ತಂದಿದ್ದಾರೆ. ಎಲೆ ಮುದುಡು ರೋಗದ ವೈರಸ್ಸನ್ನು ತಡೆಯುವ ಗುಣ ಸುಂಕಿನ ಕಾಡು ಜಾತಿಯಿಂದ ಹರಿಯಾಣದ ಹಿಸಾರ್‌ನ ಎಚ್-24 ತಳಿಗೆ ಬಂತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಅಭಿವೃದ್ಧಿ ಮಾಡಿದ ನಂದಿ, ಸಂಕ್ರಾಂತಿ, ವೈಭವ ತಳಿಗಳೂ ಆ ರೋಗವನ್ನು ತಡೆಯುವಂಥವೇ. ಆದರೆ ಅದು ವೈರಸ್ಸಿಗೆ ತಡೆ, ಹುಳಕ್ಕಲ್ಲ. ಸುಂಕಿನ ರಸ ಒಂದೇ ಒಂದು ಗುಣದಿಂದ ಬರುವುದಲ್ಲ. ಅನೇಕ ಗುಣಗಳು ಒಟ್ಟಿಗೆ ಬರಬೇಕು, ಅವುಗಳ ಬೆನ್ನಿಗೆ ಗೋಲಿಯಷ್ಟು ಹಣ್ಣು, ಕೆಟ್ಟ ರುಚಿಯೂ ಬರುತ್ತದೆ. ಅದಕ್ಕೇ ಅದು ನಿಧಾನದ ಕೆಲಸ.

ಹಸಿರು ಕಾಯಿಯ ಕಹಿ

ಬೆಲೆ ಬಿದ್ದಾಗ ತೋಟಕ್ಕೆ ಬಿಟ್ಟ ದನಗಳನ್ನು ಗಮನಿಸಿ. ಕೆಂಪು ಹಣ್ಣು ಆರಿಸಿ ತಿನ್ನುತ್ತವೆ, ಹಸಿ ಎಲೆಗೆ ಬಾಯಿ ಹಾಕುವುದು ಕಡಿಮೆ. ಎಲೆ, ಕಾಂಡ, ಹೂವು, ಎಳೆ ಕಾಯಿಗಳಲ್ಲಿ ಟೊಮ್ಯಾಟಿನ್ ಎಂಬ ಕಹಿ ಇರುತ್ತದೆ. ಮೊಳಕೆ ಬಂದ, ಹಸಿರು ತಿರುಗಿದ ಆಲೂಗಡ್ಡೆಯಲ್ಲಿರುವ ವಿಷದ ಹತ್ತಿರದ ಸಂಬಂಧಿ ಇದು. ಎಳೆಯ ಹಸಿರು ಕಾಯಿಯಲ್ಲಿ ಕಿಲೋಗೆ ಸುಮಾರು 500 ಮಿಲಿಗ್ರಾಮಿನವರೆಗೂ ಇರಬಹುದು. ಕಾಯಿ ಕೆಂಪಾಗುತ್ತಿದ್ದಂತೆ ಗಿಡ ತಾನೇ ಅದನ್ನು ಕರಗಿಸಿ ಸುಮಾರು 5 ಮಿಲಿಗ್ರಾಮಿಗೆ ಇಳಿಸುತ್ತದೆ. ಬೀಜ ಬಲಿಯುವ ತನಕ ಯಾರೂ ತಿನ್ನಬಾರದು, ಬಲಿತ ಮೇಲೆ ಯಾರಾದರೂ ತಿಂದು ದೂರ ಒಯ್ದು ಹಾಕಬೇಕು, ಇದು ಗಿಡದ ಏರ್ಪಾಟು.

ಟೊಮ್ಯಾಟಿನ್ ಜೀವಕೋಶದ ಹೊರಪದರವನ್ನು ತೂತು ಮಾಡುತ್ತದೆ. ಹುಳದ ಬೆಳವಣಿಗೆ ಕುಂಠಿತವಾಗುತ್ತದೆ, ಬೂಷ್ಟು ರೋಗಗಳಿಗೂ ಅಡ್ಡಿ. ಆದರೂ ನಮ್ಮ ಕಾಯಿಕೊರಕ ಹಸಿರು ಕಾಯಿಗೇ ತಲೆ ತೂರಿಸುತ್ತದಲ್ಲ ಎಂದು ನೀವು ಕೇಳಬಹುದು. ಕಹಿ ತಿಂದು ಅರಗಿಸಿಕೊಳ್ಳಲು ಆ ಹುಳ ಕಲಿತಿದೆ. ಅದು ಕಡಲೆ, ತೊಗರಿ, ಹತ್ತಿ, ಸೂರ್ಯಕಾಂತಿ, ಜೋಳ ಎಲ್ಲವನ್ನೂ ತಿನ್ನುವ ಹುಳ. ನೂರು ಮನೆಯ ಊಟ ಉಂಡ ಹೊಟ್ಟೆ.

ಕಚ್ಚಿದ ಮೇಲೆ ಏಳುವ ಕೋಪ

ಇಲ್ಲಿಯವರೆಗೆ ಹೇಳಿದ್ದು ಗಿಡ ಮೊದಲೇ ಕೂಡಿಟ್ಟದ್ದು. ನನಗೆ ಹೆಚ್ಚು ಆಶ್ಚರ್ಯವಾದದ್ದು ಹುಳ ಕಚ್ಚಿದ ಮೇಲೆ ನಡೆಯುವ ಕೆಲಸ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕ್ಲಾರೆನ್ಸ್ ರಯಾನ್ ಎಂಬ ವಿಜ್ಞಾನಿ ಇದ್ದರು. ಅವರೂ ಗ್ರೀನ್ ಎಂಬುವರೂ ಸೇರಿ 1972ರಲ್ಲಿ ಒಂದು ವಿಷಯ ಪ್ರಕಟಿಸಿದರು. ಆಲೂಗಡ್ಡೆ, ಟೊಮೇಟೊ ಗಿಡಗಳ ಒಂದು ಎಲೆಯನ್ನು ಜೀರುಂಡೆ ತಿಂದರೆ ಅಥವಾ ಬರೀ ಗಾಯ ಮಾಡಿದರೂ, ಕೆಲವೇ ಗಂಟೆಗಳಲ್ಲಿ ಇಡೀ ಗಿಡದ ಎಲೆಗಳಲ್ಲಿ ಒಂದು ಹೊಸ ಪ್ರೊಟೀನು ತುಂಬಿಕೊಳ್ಳುತ್ತದೆ. ಹುಳ ಮುಟ್ಟದ ಎಲೆಗಳಲ್ಲೂ! ಹುಳದ ಹೊಟ್ಟೆಯಲ್ಲಿ ಆಹಾರ ಅರಗಿಸುವ ಕಿಣ್ವ ಇರುತ್ತದಲ್ಲ, ಅದರ ಬಾಯಿಗೆ ಈ ಪ್ರೊಟೀನು ಬೆಣೆ ಹೊಡೆದ ಹಾಗೆ ಕೂರುತ್ತದೆ. ಹುಳ ತಿನ್ನುತ್ತದೆ, ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ಸಾಯುವುದಿಲ್ಲ, ಬೆಳೆಯುವುದೂ ಇಲ್ಲ. ಹತ್ತು ದಿನದಲ್ಲಿ ದಪ್ಪಗಾಗಬೇಕಾದ ಹುಳ ಸೊರಗಿ ಉಳಿಯುತ್ತದೆ, ಅಷ್ಟರಲ್ಲಿ ಹಕ್ಕಿಗೋ ಕಣಜಕ್ಕೋ ಸಿಗುತ್ತದೆ.

ಒಂದು ಎಲೆಯ ಸುದ್ದಿ ಇನ್ನೊಂದು ಎಲೆಗೆ ಹೋಗುವುದು ಹೇಗೆ? ಇದಕ್ಕೆ ಉತ್ತರ ಹುಡುಕಲು ಅವರಿಗೆ ಇಪ್ಪತ್ತು ವರ್ಷ ಹಿಡಿಯಿತು. 1990ರಲ್ಲಿ ರಯಾನ್ ಮತ್ತು ಫಾರ್ಮರ್ ಎಂಬುವರು ಟೊಮೇಟೊ ಗಿಡಗಳನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಇಟ್ಟು, ಪಕ್ಕದಲ್ಲಿ ಅವರ ಕಡೆ ಬಯಲಲ್ಲಿ ಬೆಳೆಯುವ ಒಂದು ಘಮಘಮಿಸುವ ಪೊದೆಯ ಕೊಂಬೆ ಇಟ್ಟರು. ಟೊಮೇಟೊ ಎಲೆಗೆ ಗಾಯವೇ ಆಗಿರಲಿಲ್ಲ, ಆದರೂ ಆ ಪ್ರೊಟೀನು ತುಂಬಿಕೊಂಡಿತು. ಕೊಂಬೆಯಿಂದ ಗಾಳಿಗೆ ಬಂದ ವಸ್ತು ಮೀಥೈಲ್ ಜಾಸ್ಮೋನೇಟ್. ಹೆಸರು ನೋಡಿ, ಜಾಸ್ಮಿನ್ ಅಂತ ಕೇಳಿಸುತ್ತಿಲ್ಲವೇ? 1962ರಲ್ಲಿ ಇದನ್ನು ಮೊದಲು ಬೇರ್ಪಡಿಸಿದ್ದು ಜಾಜಿ ಹೂವಿನ ಎಣ್ಣೆಯಿಂದ. ನಮ್ಮ ಹೆಂಗಸರು ಮುಡಿಯುವ ಹೂವಿನ ಪರಿಮಳದಲ್ಲಿರುವ ವಸ್ತು ಟೊಮೇಟೊ ಗಿಡಕ್ಕೆ "ಕಳ್ಳ ಬಂದ" ಎನ್ನುವ ಕೂಗು. 1991ರಲ್ಲಿ ಇದೇ ತಂಡ ಟೊಮೇಟೊ ಎಲೆಯಿಂದ ಸಿಸ್ಟಮಿನ್ ಎಂಬ ಪುಟ್ಟ ಪ್ರೊಟೀನು ತುಂಡನ್ನು ಬೇರ್ಪಡಿಸಿತು. 18 ಅಮೈನೋ ಆಮ್ಲಗಳ ಸರಪಳಿ. ಗಾಯವಾದ ಜಾಗದಲ್ಲಿ ಜಾಸ್ಮೋನಿಕ್ ಆಮ್ಲ ತಯಾರಾಗಲು ಇದು ತಿದಿ ಒತ್ತುತ್ತದೆ.

2002ರಲ್ಲಿ ಮಿಚಿಗನ್‌ನಲ್ಲಿ ನಡೆದ ಪ್ರಯೋಗ ಕಸಿ ಕಟ್ಟುವ ರೈತರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಜಾಸ್ಮೋನಿಕ್ ಆಮ್ಲ ತಯಾರಿಸಲು ಬರದ ಟೊಮೇಟೊ ಒಂದು, ತಯಾರಿಸಿದರೂ ಅದರ ಮಾತು ಕೇಳಿಸದ ಟೊಮೇಟೊ ಇನ್ನೊಂದು. ಇವೆರಡನ್ನು ಮೇಲೆ ಕೆಳಗೆ ಮಾಡಿ ಕಸಿ ಕಟ್ಟಿ, ಕೆಳಗಿನ ಎಲೆಗೆ ಗಾಯ ಮಾಡಿ, ಮೇಲಿನ ಎಲೆ ಏನು ಮಾಡುತ್ತದೆ ನೋಡಿದರು. ಕೆಳಗಿನದಕ್ಕೆ ತಯಾರಿಸಲು ಬರಬೇಕು, ಮೇಲಿನದಕ್ಕೆ ಕೇಳಿಸಬೇಕು, ಆಗ ಮಾತ್ರ ಮೇಲಿನ ಎಲೆ ಎಚ್ಚರವಾಯಿತು. ಇದೇ ಗುಂಪಿನವರು 2005ರಲ್ಲಿ ಇನ್ನೊಂದು ಕಂಡುಹಿಡಿದರು. ಎಚ್ಚರವಾದ ಎಲೆಯಲ್ಲಿ ಹುಟ್ಟುವ ಎರಡು ಕಿಣ್ವಗಳು ಹುಳದ ಹೊಟ್ಟೆಗೆ ಹೋದ ಮೇಲೂ ಕೆಲಸ ಮಾಡುತ್ತವೆ. ಹುಳಕ್ಕೆ ಅಗತ್ಯವಾದ ಅಮೈನೋ ಆಮ್ಲಗಳನ್ನು ಅದರ ಹೊಟ್ಟೆಯಲ್ಲೇ ಕೂತು ಹಾಳು ಮಾಡುತ್ತವೆ. ಉಣ್ಣುವವನ ತಟ್ಟೆಯಿಂದಲ್ಲ, ಹೊಟ್ಟೆಯಿಂದಲೇ ಕಿತ್ತುಕೊಂಡ ಹಾಗೆ.

ನಮ್ಮ ದೇಶದ್ದೇ ಒಂದು ಕೆಲಸ ಹೇಳಬೇಕು. ಕಾಯಿಕೊರಕ ಎಲೆ ತಿನ್ನುತ್ತದೆ, ಕಾಯಿ ಕೊರೆಯುತ್ತದೆ, ಆದರೆ ಟೊಮೇಟೊ ಹೂವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಧನಶ್ರೀ ಎಂಬ ತಳಿಯ ಮೇಲೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು ಮಾಡಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಅರಗದಂತೆ ಮಾಡುವ ಆ ಪ್ರೊಟೀನು ಹೂವಿನಲ್ಲಿ ಎಲೆ, ಕಾಯಿಗಳಿಗಿಂತ ನೂರಾರು ಪಟ್ಟು ಹೆಚ್ಚು ಇತ್ತು. ಹೂವು ಹೋದರೆ ಸಂತಾನವೇ ಹೋಯಿತು, ಅದಕ್ಕೇ ಅಲ್ಲಿ ಕಾವಲು ಜಾಸ್ತಿ. ನಾನು ಇದನ್ನು ಓದಿದ ಮೇಲೆ ಗಮನಿಸುತ್ತಾ ಬಂದಿದ್ದೇನೆ. ತೂತು ಬಿದ್ದ ಕಾಯಿಯ ಗೊಂಚಲಲ್ಲೇ ಅರಳಿದ ಹೂವು ಹಾಗೇ ಇರುತ್ತದೆ.

ಪಕ್ಕದ ಗಿಡಕ್ಕೆ, ಕಣಜಕ್ಕೆ ಕರೆ

ಕಚ್ಚಿಸಿಕೊಂಡ ಎಲೆಯ ವಾಸನೆ ಬೇರೆ. ಹುಲ್ಲು ಕೊಯ್ದಾಗ ಬರುವ ಹಸಿ ವಾಸನೆಯಂಥದು. ಎಲೆ ತಿನ್ನುವ ಸ್ಪೊಡಾಪ್ಟೆರಾ ಹುಳ (ತಂಬಾಕಿನ ಕೀಡೆ ಅಂತ ನಾವು ಕರೆಯುವುದು, ರಾತ್ರಿ ಗುಂಪಾಗಿ ಎಲೆ ಜಾಲರಿ ಮಾಡುವುದು) ಹತ್ತಿದ ಟೊಮೇಟೊ ಗಿಡದ ಪಕ್ಕದಲ್ಲಿ ಇನ್ನೊಂದು ಗಿಡ ಇಟ್ಟು ಜಪಾನಿನ ವಿಜ್ಞಾನಿಗಳು ಪರೀಕ್ಷಿಸಿದರು. 2014ರಲ್ಲಿ ಫಲಿತಾಂಶ ಬಂತು. ಪಕ್ಕದ ಗಿಡ ಆ ವಾಸನೆಯ ವಸ್ತುವನ್ನೇ ಗಾಳಿಯಿಂದ ಹೀರಿ, ಅದಕ್ಕೆ ಸಕ್ಕರೆ ಸೇರಿಸಿ, ಹುಳಕ್ಕೆ ಆಗದ ವಸ್ತುವಾಗಿ ಮಾರ್ಪಡಿಸಿ ಇಟ್ಟುಕೊಂಡಿತ್ತು. ಅದನ್ನು ತಿಂದ ಹುಳಗಳು ಸರಿಯಾಗಿ ಬದುಕಲಿಲ್ಲ. ಪಕ್ಕದ ಮನೆಯವರು ಕೂಗಿದ ಕೂಗನ್ನೇ ಕೋಲು ಮಾಡಿಕೊಂಡಂತೆ.

ಈ ವಾಸನೆಗೆ ಹುಳದೊಳಗೆ ಮೊಟ್ಟೆಯಿಡುವ ಸಣ್ಣ ಕಣಜಗಳೂ ಬರುತ್ತವೆ. ಕ್ಯಾಲಿಫೋರ್ನಿಯಾದ ಹೊಲದಲ್ಲಿ ಟೊಮೇಟೊಗೆ ಜಾಸ್ಮೋನಿಕ್ ಆಮ್ಲ ಸಿಂಪಡಿಸಿ ನೋಡಿದಾಗ ಕಣಜಕ್ಕೆ ತುತ್ತಾದ ಹುಳಗಳ ಪ್ರಮಾಣ ಎರಡು ಪಟ್ಟಾಯಿತು ಎಂದು ಜೆನಿಫರ್ ಥೇಲರ್ ಎಂಬುವರು 1999ರಲ್ಲಿ ಬರೆದರು. ವಿಸ್ಕಾನ್ಸಿನ್‌ನವರ 2017ರ ವರದಿ ಇನ್ನೂ ವಿಚಿತ್ರ. ಇಂಥ ಸಿಂಪಡಣೆಯಿಂದ ಎಲೆ ರುಚಿಗೆಟ್ಟು, ಸೈನಿಕ ಹುಳಗಳು ಎಲೆ ಬಿಟ್ಟು ಒಂದನ್ನೊಂದು ತಿನ್ನತೊಡಗಿದವು!

ಇದನ್ನು ಕೇಳಿ ಅಣ್ಣ, "ಹಾಗಾದ್ರೆ ಆ ಆಮ್ಲಾನೇ ಹೊಡೆಯೋಣ," ಅಂದ. ಬೇಡ ಅನ್ನುವುದಕ್ಕೆ ಕಾರಣ ಇದೆ. ಗಿಡಕ್ಕೆ ಸುಮ್ಮನೆ ಎಚ್ಚರ ಹುಟ್ಟಿಸಿದರೆ ಏನಾಗುತ್ತದೆ ಎಂದು 2001ರಲ್ಲಿ ನೋಡಿದ್ದಾರೆ. ಕಾಯಿ ಕಟ್ಟುವುದು ತಡವಾಯಿತು, ಹಣ್ಣಾಗಲು ಹೆಚ್ಚು ದಿನ ಹಿಡಿಯಿತು, ಕಾಯಿಯ ಸಂಖ್ಯೆ ಕಡಿಮೆಯಾಯಿತು. ಊರಿಗೆ ಕಳ್ಳ ಬಂದ ಅಂತ ದಿನಾ ರಾತ್ರಿ ತಮಟೆ ಹೊಡೆದರೆ ಹಗಲು ಯಾರು ಕೆಲಸ ಮಾಡುತ್ತಾರೆ? ಗಿಡ ಕಚ್ಚಿದ ಮೇಲೆ ಮಾತ್ರ ಔಷಧಿ ತಯಾರಿಸುವುದು ಜಿಪುಣತನದಿಂದಲ್ಲ, ಲೆಕ್ಕಾಚಾರದಿಂದ.

ಹುಳಗಳೂ ಸುಮ್ಮನಿಲ್ಲ

ಅಣ್ಣನ ಪ್ರಶ್ನೆಗೆ ಉತ್ತರ ಇಲ್ಲಿದೆ. ಗಿಡದ ಹತ್ತಿರ ಇಷ್ಟೆಲ್ಲ ಇದ್ದೂ ನಮ್ಮ ತೋಟದಲ್ಲಿ ಹುಳ ಏಕೆ? ಏಕೆಂದರೆ ಹುಳಕ್ಕೂ ಅಷ್ಟೇ ಬುದ್ಧಿ ಬಂದಿದೆ. ಅರಗದ ಪ್ರೊಟೀನು ಸಿಕ್ಕಿದರೆ ಕಾಯಿಕೊರಕ ತನ್ನ ಹೊಟ್ಟೆಯ ಕಿಣ್ವವನ್ನೇ ಬದಲಾಯಿಸಿಕೊಳ್ಳುತ್ತದೆ. ಬೀಗ ಬದಲಾಯಿಸಿದರೆ ಬೇರೆ ಕೀಲಿಕೈ ತಂದ ಹಾಗೆ. ಆಲೂಗಡ್ಡೆ ಜೀರುಂಡೆಯ (ಇದು ನಮ್ಮ ದೇಶದಲ್ಲಿಲ್ಲ) ಜೊಲ್ಲಿನಲ್ಲಿರುವ ಬ್ಯಾಕ್ಟೀರಿಯಾ ಟೊಮೇಟೊ ಗಿಡಕ್ಕೆ ಸುಳ್ಳು ಹೇಳುತ್ತದೆ ಎಂದು 2013ರಲ್ಲಿ ಗೊತ್ತಾಯಿತು. "ಬಂದಿರೋದು ಹುಳ ಅಲ್ಲ, ರೋಗ" ಎಂದು ನಂಬಿಸುತ್ತದೆ. ಗಿಡ ರೋಗದ ಔಷಧಿ ತಯಾರಿಸಲು ಹೋಗುತ್ತದೆ, ಹುಳದ ಔಷಧಿ ನಿಲ್ಲಿಸುತ್ತದೆ. ಎರಡನ್ನೂ ಒಟ್ಟಿಗೆ ಜೋರಾಗಿ ಮಾಡಲು ಗಿಡಕ್ಕೆ ಆಗುವುದಿಲ್ಲ.

ಬಿಳಿನೊಣ ಇದಕ್ಕಿಂತ ಪಾಕಡಾ. ನಮಗೆ ಎಲೆ ಮುದುಡು ರೋಗ ಹಂಚುವ ಈ ನೊಣದ ಬಗ್ಗೆ ಚೀನಾದವರ ಎರಡು ಪ್ರಬಂಧ ಓದಿದೆ. 2019ರದ್ದರ ಪ್ರಕಾರ, ಬಿಳಿನೊಣ ಹತ್ತಿದ ಟೊಮೇಟೊ ಗಿಡ ಬಿಡುವ ವಾಸನೆ ಪಕ್ಕದ ಗಿಡವನ್ನು ದಾರಿ ತಪ್ಪಿಸುತ್ತದೆ. ಪಕ್ಕದ ಗಿಡ ರೋಗಕ್ಕೆ ತಯಾರಾಗುತ್ತದೆ, ನೊಣಕ್ಕೆ ಸಲೀಸಾಗುತ್ತದೆ. ಮೇಲೆ ಹೇಳಿದ ಜಪಾನಿನ ಪ್ರಯೋಗಕ್ಕೆ ಇದು ಪೂರಾ ಉಲ್ಟಾ. 2021ರಲ್ಲಿ ಬಂದದ್ದು ಇನ್ನೂ ದೊಡ್ಡ ಸುದ್ದಿ. ಗಿಡಗಳು ತಮ್ಮ ವಿಷ ತಮಗೇ ತಾಗದ ಹಾಗೆ ನೋಡಿಕೊಳ್ಳಲು ಇಟ್ಟುಕೊಂಡಿರುವ ಒಂದು ಜೀನನ್ನು ಬಿಳಿನೊಣ ಯಾವುದೋ ಕಾಲದಲ್ಲಿ ಗಿಡದಿಂದಲೇ ಕದ್ದು ತನ್ನದಾಗಿಸಿಕೊಂಡಿದೆ. ಆ ಜೀನಿನ ಬಲದಿಂದ ಗಿಡದ ವಿಷವನ್ನು ನಿರ್ವಿಷ ಮಾಡುತ್ತದೆ. ಮನೆಯವರ ಕೀಲಿಕೈಯನ್ನೇ ಅಚ್ಚು ಮಾಡಿಸಿಕೊಂಡ ಕಳ್ಳ.

ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು ವಿಷಯ. ನಮ್ಮ ಕಾಯಿಕೊರಕದ ಅಮೆರಿಕದ ದಾಯಾದಿ ಹುಳಕ್ಕೆ ಕಾಡು ಟೊಮೇಟೊದ ಟ್ರೈಡೆಕನೋನ್ ಸ್ವಲ್ಪ ಸ್ವಲ್ಪ ತಿನ್ನಿಸಿ, ಆಮೇಲೆ ಕಾರ್ಬರಿಲ್ ಕೊಟ್ಟು ನೋಡಿದರು. ಇದು 1984ರ ಮಾತು. (ಕಾರ್ಬರಿಲ್ ನಮ್ಮ ದೇಶದಲ್ಲಿ 2018ರಲ್ಲಿ ನಿಷೇಧವಾಯಿತು.) ಗಿಡದ ವಿಷ ತಿಂದು ಪಳಗಿದ ಹುಳಗಳು ಅಂಗಡಿಯ ವಿಷವನ್ನೂ ಹೆಚ್ಚು ತಾಳಿಕೊಂಡವು. ಗಿಡದ ವಿಷ ಕರಗಿಸಲು ಕಲಿತ ಅಂಗವೇ ನಮ್ಮ ವಿಷವನ್ನೂ ಕರಗಿಸುತ್ತದೆ. "ಮೊದಲಿನ ಡೋಸು ಕೆಲಸ ಮಾಡ್ತಾ ಇಲ್ಲ, ಜಾಸ್ತಿ ಹಾಕಿ" ಎನ್ನುವ ಅಂಗಡಿಯವರ ಮಾತಿಗೆ ಹಿಂದಿರುವ ಸಂಗತಿಗಳಲ್ಲಿ ಇದೂ ಒಂದು.

ಗಿಡದ ಔಷಧಿ ನಮ್ಮ ಮಿತ್ರರಿಗೂ ತಾಗುತ್ತದೆ. ಟೊಮ್ಯಾಟಿನ್ ತಿಂದ ಹುಳದೊಳಗೆ ಬೆಳೆಯುವ ಕಣಜದ ಮರಿ ಸೊರಗುತ್ತದೆ ಎಂದು 1979ರಲ್ಲೇ ತೋರಿಸಿದ್ದಾರೆ. ಸುಂಕಿನ ಅಂಟಿಗೆ ಟ್ರೈಕೊಗ್ರಾಮ ಕಣಜಗಳೂ ಸಿಕ್ಕಿಕೊಳ್ಳುತ್ತವೆ. ಕಾಯಿಕೊರಕಕ್ಕೆ ನಾವು ಹೊಡೆಯುವ ಎನ್‌ಪಿವಿ ವೈರಸ್ ದ್ರಾವಣ ಇದೆಯಲ್ಲ, ಗಾಯಗೊಂಡ ಟೊಮೇಟೊ ಎಲೆಯ ಕಂದು ರಸ ಅದರ ಶಕ್ತಿಯನ್ನೂ ಕುಗ್ಗಿಸುತ್ತದೆ. 1990ರ ಪ್ರಬಂಧ ಇದು. ಆದ್ದರಿಂದ ಎಲೆಯೆಲ್ಲ ತೂತಾದ ಮೇಲೆ ಎನ್‌ಪಿವಿ ತಂದು ಫಲ ಕಾಣಲಿಲ್ಲ ಎಂದು ಬೈಯುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಮರಿ ಕಡ್ಡಿಯಷ್ಟು ಸಣ್ಣದಿರುವಾಗ, ಸಂಜೆ ಹೊತ್ತು ಹೊಡೆಯಬೇಕು. ಬಿಸಿಲೂ ಅದಕ್ಕೆ ಶತ್ರು.

ತೋಟದಲ್ಲಿ ಇದರಿಂದ ಏನು?

ಗಿಡದ ಔಷಧಿ ಒಂದನ್ನೇ ನಂಬಿ ಪಂಪು ಅಟ್ಟಕ್ಕೆ ಹಾಕಿ ಎಂದು ನಾನು ಹೇಳುವುದಿಲ್ಲ. ಮಂಡಿಯಲ್ಲಿ ತೂತು ಬಿದ್ದ ಕಾಯಿ ಯಾರೂ ಕೊಳ್ಳುವುದಿಲ್ಲ. ಗಿಡಕ್ಕೆ ಹತ್ತು ಕಾಯಿ ಹೋದರೂ ಬೀಜ ಉಳಿದರೆ ಸಾಕು, ನಮಗೆ ಹತ್ತು ಕಾಯಿ ಹೋದರೆ ಲಾಭವೇ ಹೋಯಿತು. ಗಿಡದ ಲೆಕ್ಕ, ನಮ್ಮ ಲೆಕ್ಕ ಬೇರೆ ಬೇರೆ. ಅಣ್ಣನಿಗೆ ನಾನು ಕೊಟ್ಟ ಉತ್ತರವೂ ಇದೇ.

ಆದರೆ ಗಿಡದ ಕೈ ಕಟ್ಟಿಹಾಕದೆ ಇರಬಹುದು. ಯೂರಿಯಾ ಜಾಸ್ತಿ ಬಿದ್ದ ಟೊಮೇಟೊ ಎಲೆಯಲ್ಲಿ ಅಂಟು, ಒಗರಿಗೆ ಕಾರಣವಾದ ಫಿನಾಲ್‌ಗಳು ಕಡಿಮೆಯಾಗುತ್ತವೆ. ಅಂಥ ಎಲೆ ತಿಂದ ಹುಳ ಬೇಗ ದಪ್ಪಗಾಗುತ್ತದೆ. ಕಡು ಹಸಿರು, ಮೆತ್ತನೆ ಎಲೆ ನಮ್ಮ ಕಣ್ಣಿಗೆ ಚೆಂದ, ಹುಳಕ್ಕೂ ಚೆಂದ. ಡ್ರಿಪ್ಪಿನಲ್ಲಿ ಗೊಬ್ಬರ ಬಿಡುವವರು ಇದನ್ನು ಯೋಚಿಸಬೇಕು. ನಾವು ಸಾರಜನಕವನ್ನು ಒಂದೇ ಸಲ ಸುರಿಯದೆ ಹಂಚಿ ಕೊಡುತ್ತಿದ್ದೇವೆ.

ಎರಡನೆಯದು ಚೆಂಡು ಹೂ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 1990ರ ದಶಕದಲ್ಲೇ ಹೇಳಿಕೊಟ್ಟ ಪದ್ಧತಿ. 16 ಸಾಲು ಟೊಮೇಟೊಗೆ ಒಂದು ಸಾಲು ಆಫ್ರಿಕನ್ ಚೆಂಡು ಹೂ. ಚೆಂಡು ಹೂವಿನ ನಾರು 45 ದಿನದ್ದು, ಟೊಮೇಟೊ ನಾರು 25 ದಿನದ್ದು, ಎರಡನ್ನೂ ಒಂದೇ ದಿನ ನೆಡಬೇಕು. ಆಗ ಎರಡೂ ಒಟ್ಟಿಗೆ ಹೂವಿಗೆ ಬರುತ್ತವೆ, ಪತಂಗ ಮೊಟ್ಟೆಯಿಡಲು ಚೆಂಡು ಹೂವನ್ನೇ ಆರಿಸಿಕೊಳ್ಳುತ್ತದೆ. ಗಿಡದ ಔಷಧಿಗೆ ಮರಿಗಳ ಸಂಖ್ಯೆ ಕಡಿಮೆಯಾದಷ್ಟೂ ಸುಲಭ. ನಾಟಿ ಮಾಡಿದ 28, 35, 42ನೇ ದಿನ ಎನ್‌ಪಿವಿ, ಹೆಕ್ಟೇರಿಗೆ 250 ಎಲ್‌ಇ, ಇದೂ ಅವರದೇ ಶಿಫಾರಸು.

ಮೂರನೆಯದು ಭೂತಗನ್ನಡಿ. ನಮ್ಮ ಮನೆಯಲ್ಲಿ ಜಗಳ ನಡೆದದ್ದು ಇದಕ್ಕೇ. ನಾನು ವಾರಕ್ಕೊಮ್ಮೆ ಸಾಲಿನಲ್ಲಿ ನಡೆದು, ಮೂಲೆಗೆ ಐದರಂತೆ ಗಿಡ ನೋಡಿ, ಮೊಟ್ಟೆ, ಮರಿ ಎಣಿಸಿ ಆಮೇಲೆ ಹೊಡೆಯೋಣ ಅಂದೆ. ಅಣ್ಣ, "ನೀನು ಎಣಿಸ್ತಾ ಕೂತಿರು, ಹುಳ ಕಾಯಿ ತಿಂತಾ ಕೂತಿರ್ತದೆ. ಸಾಲ ಇರೋದು ನನ್ನ ಹೆಸರಲ್ಲಿ," ಅಂದ. ಅವನ ಮಾತೂ ಸುಳ್ಳಲ್ಲ. ಚೀಟಿಯಲ್ಲಿ ಅವನದೇ ಸಹಿ. ಅತ್ತಿಗೆ ಮಧ್ಯೆ ಬಂದು, "ಅರ್ಧ ಎಕರೆ ಅವನಿಗೆ ಬಿಡಿ, ಉಳಿದದ್ದು ನಿಮ್ಮ ಇಷ್ಟದಂಗೆ ಮಾಡಿ. ಕೊಯ್ಲಲ್ಲಿ ಬಾಕ್ಸು ಎಣಿಸಿದ್ರೆ ಗೊತ್ತಾಗ್ತದೆ," ಎಂದು ತೀರ್ಮಾನ ಕೊಟ್ಟರು.

ಈಗ ಬೋರಿನ ಪಕ್ಕದ ಅರ್ಧ ಎಕರೆ ನನ್ನ ಲೆಕ್ಕಕ್ಕೆ. ಕರಾರು ಏನೆಂದರೆ, ನೋಡಿದ ಇಪ್ಪತ್ತು ಗಿಡದಲ್ಲಿ ಐದರಲ್ಲಿ ಮರಿ ಸಿಕ್ಕರೆ ಅಣ್ಣ ಹೇಳಿದ ಔಷಧಿ ಹೊಡೆಯಬೇಕು, ನಾನು ಮಾತಾಡುವಂತಿಲ್ಲ. ಈ ಐದು ಎನ್ನುವುದು ಯಾವ ಪುಸ್ತಕದ ಲೆಕ್ಕವೂ ಅಲ್ಲ, ನಮ್ಮಿಬ್ಬರ ಚೌಕಾಸಿಯದು. ಎಣಿಸಿದ್ದು ಬರೆಯಲು ಮಗಳ ಹಳೇ ನೋಟುಬುಕ್ಕು ಇಟ್ಟಿದ್ದೇನೆ. ಹೊಡೆದ ದಿನ, ಔಷಧಿಯ ಬಿಲ್ಲು, ಕೊಯ್ದ ಬಾಕ್ಸು, ತೂತು ಕಾಯಿ ಬೇರೆ, ಎರಡೂ ತುಂಡಿನದ್ದು ಅದರಲ್ಲೇ ಬರೆಯುತ್ತೇವೆ.

ಚೆಂಡು ಹೂವಿನ ನಾರಿಗೆ ಇಂದಿಗೆ ಮೂವತ್ತು ದಿನ. ಟೊಮೇಟೊ ನಾರು ಟ್ರೇಯಲ್ಲಿ ಎರಡೆಲೆ ಬಿಟ್ಟಿದೆ, ಹದಿನೈದು ದಿನದಲ್ಲಿ ನಾಟಿ. ನಿನ್ನೆ ಅಣ್ಣ ಮಂಡಿಯಿಂದ ಬಂದವನು ಚೆಂಡು ಹೂವಿನ ಬೆಲೆಯನ್ನೂ ವಿಚಾರಿಸಿಕೊಂಡು ಬಂದಿದ್ದ. "ಹಬ್ಬಕ್ಕೆ ಸರಿಯಾಗಿ ಬಂದ್ರೆ ನನ್ನ ತುಂಡಿಗೂ ನಾಲ್ಕು ಸಾಲು ಹಾಕೋಣ," ಅಂದ. ಹೂವು ಕಿತ್ತು ಮಾರಿದರೆ ಮೊಟ್ಟೆಯೂ ಅದರ ಜೊತೆ ತೋಟದಿಂದ ಆಚೆ ಹೋಗುತ್ತದೆ, ಆದರೆ ಎಲ್ಲ ಹೂವು ಒಟ್ಟಿಗೆ ಕೀಳಬಾರದು, ಪತಂಗಕ್ಕೆ ಅಂತ ಅರ್ಧ ಬಿಡಬೇಕು ಎಂದು ಹೇಳಿದ್ದೇನೆ. ಅರ್ಧ ಬಿಡುತ್ತಾನೋ ಇಲ್ಲವೋ, ಹಬ್ಬದ ಹಿಂದಿನ ದಿನದ ಹೂವಿನ ಬೆಲೆ ನೋಡಬೇಕು.